ಕನ್ಸೋಲ್ ಶೂಟರ್ ಪಂದ್ಯಾವಳಿ: ಹೋಸ್ಟ್ ಯಾರೆಂದು ಮೊದಲು ಹೇಳಿ

ಮಾನ್ಯ ಸಂಪಾದಕರೆ,

ಕನ್ಸೋಲ್ ಎಂಬ ಟಿವಿಗೆ ಜೋಡಿಸುವ ಗೇಮ್ ಯಂತ್ರದಲ್ಲಿ ಆಡುವ ಶೂಟರ್, ಅಂದರೆ ಬಂದೂಕು ಹೊಡೆದಾಟದ ಆಟಗಳ ಪಂದ್ಯಾವಳಿ ಈಗ ಬೆಂಗಳೂರಿನ ಮಾಲ್‌ಗಳಿಗಷ್ಟೇ ಸೀಮಿತವಲ್ಲ. ಬೇರೆ ಊರುಗಳ ಕಾಲೇಜು ಹಬ್ಬಗಳಲ್ಲೂ ಗೇಮಿಂಗ್ ಕೆಫೆಗಳಲ್ಲೂ ನಡೆಯುತ್ತವೆ. ಪೋಸ್ಟರ್‌ನಲ್ಲಿ ಆಟದ ಹೆಸರು, ಪ್ರವೇಶ ಶುಲ್ಕ, ಬಹುಮಾನ, ಸಮಯ ಎಲ್ಲ ಇರುತ್ತದೆ. ಆಟ ಯಾವ ಯಂತ್ರದ ಮೇಲೆ ನಡೆಯುತ್ತದೆ, ಆ ಯಂತ್ರ ಯಾವ ಊರಿನಲ್ಲಿದೆ ಎಂಬುದು ಮಾತ್ರ ಇರುವುದಿಲ್ಲ. ಸೋತ ಹುಡುಗ ‘ಲ್ಯಾಗ್ ಇತ್ತು’ (ನೆಟ್‌ವರ್ಕ್ ತಡವಾಗುತ್ತಿತ್ತು) ಎಂದರೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಗಾದೆ ಹೇಳಿ ಬಾಯಿ ಮುಚ್ಚಿಸುತ್ತಾರೆ. ಶೂಟರ್ ಆಟದಲ್ಲಿ ನೆಲ ಎಷ್ಟೋ ಸಲ ನಿಜವಾಗಿಯೂ ಡೊಂಕಾಗಿರುತ್ತದೆ. ಎಷ್ಟು ಡೊಂಕು ಎಂದು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯಲೂ ಬರುತ್ತದೆ. ಅಳೆಯಬಹುದಾದದ್ದನ್ನು ಅಳೆಯದೆ ಮಕ್ಕಳ ಕೈಯನ್ನು ದೂರುವುದು ಸರಿಯಲ್ಲ ಎಂಬುದಕ್ಕಾಗಿ ಈ ಪತ್ರ.

ಹತ್ತು ಜನ ಹತ್ತು ಮನೆಯಲ್ಲಿ ಕೂತು ಒಂದೇ ಆಟ ಆಡುವಾಗ, ಯಾರ ಗುಂಡು ಯಾರಿಗೆ ತಗುಲಿತು ಎಂದು ತೀರ್ಪು ಕೊಡುವ ಯಂತ್ರ ಸಾಮಾನ್ಯವಾಗಿ ಒಂದೇ ಇರುತ್ತದೆ. ಅದೇ ಹೋಸ್ಟ್. ಅದು ಡೇಟಾ ಸೆಂಟರ್‌ನಲ್ಲಿ ಕೂತ, ತಾನು ಆಡದ ಸರ್ವರ್ ಆಗಿರಬಹುದು, ಅಥವಾ ಆ ಹತ್ತು ಜನರಲ್ಲೇ ಒಬ್ಬನ ಕನ್ಸೋಲ್ ಆಗಿರಬಹುದು. ಎರಡನೆಯ ಪದ್ಧತಿ ಹಳೆಯದು, ಕಂಪನಿಗೆ ಖರ್ಚು ಕಡಿಮೆ. 2004ರ ಹೇಲೋ 2, 2006ರ ಗೇರ್ಸ್ ಆಫ್ ವಾರ್, 2007ರ ಕಾಲ್ ಆಫ್ ಡ್ಯೂಟಿ 4 ಇವೆಲ್ಲ ಕನ್ಸೋಲ್‌ನಲ್ಲಿ ಬೆಳೆದದ್ದು ಹೀಗೆಯೇ. ಆ ಪದ್ಧತಿ ಈಗಲೂ ಸತ್ತಿಲ್ಲ. ಜಿಟಿಎ ಆನ್‌ಲೈನ್ ಎಂಬ ಆಟವು ಆಟಗಾರರ ಯಂತ್ರಗಳ ನಡುವೆಯೇ ನಡೆಯುತ್ತದೆ. 2022ರಲ್ಲಿ ಬಂದ ನಿಂಟೆಂಡೊದ ಸ್ಪ್ಲಟೂನ್ 3 ಕೂಡ ಒಂದು ಸ್ವಿಚ್ ಕನ್ಸೋಲ್‌ನಿಂದ ಇನ್ನೊಂದಕ್ಕೆ ನೇರವಾಗಿ ಮಾತಾಡುತ್ತದೆ. ಡೇಟಾ ಸೆಂಟರ್ ಸರ್ವರ್ ಇರುವ ಆಟಗಳಲ್ಲೂ ಗೆಳೆಯರೊಳಗಿನ ಖಾಸಗಿ ಪಂದ್ಯ ಒಬ್ಬನ ಕನ್ಸೋಲ್ ಮೇಲೆ ನಡೆಯುವುದುಂಟು. ನಮ್ಮ ಪಂದ್ಯಾವಳಿಗಳು ನಡೆಯುವುದು ಇಂಥ ಖಾಸಗಿ ಲಾಬಿಗಳಲ್ಲೇ (ಲಾಬಿ ಎಂದರೆ ಪಂದ್ಯಕ್ಕೆ ಆಟಗಾರರು ಆನ್‌ಲೈನ್‌ನಲ್ಲಿ ಸೇರುವ ಕೋಣೆ).

ಹೋಸ್ಟ್ ಆದವನಿಗೆ ಸಿಗುವ ಲಾಭ ಎಷ್ಟು? ತಡವನ್ನು ಸರಿದೂಗಿಸುವ ವ್ಯವಸ್ಥೆ ಇಲ್ಲದ ಆಟ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಎದುರಾಳಿ ನಿಮ್ಮ ಮುಂದೆ 10 ಮೀಟರ್ ದೂರದಲ್ಲಿ ಎಡದಿಂದ ಬಲಕ್ಕೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡುತ್ತಿದ್ದಾನೆ ಎಂದುಕೊಳ್ಳಿ. ಹೋಸ್ಟ್‌ಗೂ ನಿಮಗೂ ನಡುವೆ ಪಿಂಗ್, ಅಂದರೆ ಹೋಗಿ ಬರುವ ಸಮಯ, 80 ಮಿಲಿಸೆಕೆಂಡ್. ಅವನಿರುವ ಜಾಗದ ಸುದ್ದಿ ನಿಮಗೆ ತಲುಪಲು 40 ಮಿಲಿಸೆಕೆಂಡ್ ಬೇಕು. ಬಂದ ಸುದ್ದಿಯನ್ನೂ ಕನ್ಸೋಲ್ ತಕ್ಷಣ ತೋರಿಸುವುದಿಲ್ಲ. ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಣುಕುಗಳು, ಹಿಂದೆ ಮುಂದೆ ಬಂದರೂ ಓಟ ನುಣುಪಾಗಿ ಕಾಣಲಿ ಎಂದು ಸ್ವಲ್ಪ ಹೊತ್ತು ಹಿಡಿದಿಟ್ಟು, ಎರಡು ಸ್ಥಾನಗಳ ನಡುವೆ ಚಲನೆಯನ್ನು ತುಂಬಿ ತೋರಿಸುತ್ತದೆ. ಅದಕ್ಕೆ 50 ಮಿಲಿಸೆಕೆಂಡ್ ಹಿಡಿಯಿರಿ. ನೀವು ಟ್ರಿಗರ್ ಒತ್ತಿದ ಸುದ್ದಿ ಹೋಸ್ಟ್ ತಲುಪಲು ಇನ್ನೊಂದು 40. ಒಟ್ಟು 130 ಮಿಲಿಸೆಕೆಂಡ್. ಅಷ್ಟರಲ್ಲಿ ಆತ 65 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ದೇಹದ ನಡುವಿನಿಂದ ಅಂಚಿಗೆ ಸುಮಾರು 25 ಸೆಂಟಿಮೀಟರ್. ನೀವು ಎದೆಯ ನಟ್ಟನಡುವೆ ಗುರಿಯಿಟ್ಟು ಹೊಡೆದ ಗುಂಡು ಅವನ ಬೆನ್ನ ಹಿಂದೆ 40 ಸೆಂಟಿಮೀಟರ್ ಆಚೆ ಹಾದುಹೋಗುತ್ತದೆ. ನಿಮ್ಮ ಗುರಿಯಲ್ಲಿ ತಪ್ಪೇನೂ ಇರಲಿಲ್ಲ. ಹೋಸ್ಟ್ ಆದವನಿಗೆ ಈ 130ರಲ್ಲಿ ಒಂದೂ ಇಲ್ಲ. ತೆರೆಯ ಮೇಲೆ ಕಂಡದ್ದೇ ಅವನಿಗೆ ಸತ್ಯ.

ಇನ್ನೊಂದು ಕಡೆಯಿಂದ ನೋಡಿ. ಹೋಸ್ಟ್ ಗೋಡೆಯ ಮರೆಯಿಂದ ಹೊರಬಂದರೆ ನಿಮ್ಮ ತೆರೆಯ ಮೇಲೆ ಅವನು ಕಾಣುವುದು 90 ಮಿಲಿಸೆಕೆಂಡ್ ತಡವಾಗಿ, ನಿಮ್ಮ ಉತ್ತರ ಅವನಿಗೆ ತಲುಪುವುದು ಇನ್ನೂ 40 ತಡವಾಗಿ. ಒಬ್ಬನನ್ನು ಕೊಲ್ಲಲು 300 ಮಿಲಿಸೆಕೆಂಡ್ ಬೇಕಾಗುವ ಬಂದೂಕಿನಲ್ಲಿ 130 ಎಂದರೆ ಹತ್ತಿರ ಹತ್ತಿರ ಅರ್ಧ. ಒಂದೇ ಹೊಡೆತಕ್ಕೆ ಮುಗಿಸುವ ಶಾಟ್‌ಗನ್ ಆದರೆ ಕೇಳುವುದೇ ಬೇಡ. ಮೊದಲ ಗೇರ್ಸ್ ಆಫ್ ವಾರ್‌ನಲ್ಲಿ ಹೋಸ್ಟ್‌ನ ಶಾಟ್‌ಗನ್ ಅಷ್ಟು ಕುಖ್ಯಾತವಾದದ್ದು ಈ ಕಾರಣಕ್ಕೆ. 2011ರ ಮೂರನೆಯ ಭಾಗಕ್ಕೆ ಡೆಡಿಕೇಟೆಡ್ ಸರ್ವರ್, ಅಂದರೆ ಡೇಟಾ ಸೆಂಟರ್‌ನಲ್ಲಿ ಕೂತ, ತಾನು ಆಡದ ಸರ್ವರ್ ಕೊಟ್ಟರು. ಹೊಸ ಬಂದೂಕು, ಹೊಸ ನಕ್ಷೆಗಳಿಗಿಂತ ಆ ಆಟಕ್ಕೆ ದೊಡ್ಡ ಉಪಕಾರ ಅದೇ ಎಂದು ನಾನು ನಂಬುತ್ತೇನೆ.

ಹೋಸ್ಟ್ ಬರೀ ಅದೃಷ್ಟವಂತ ಮಾತ್ರವಲ್ಲ, ಮನಸ್ಸು ಮಾಡಿದರೆ ಮೋಸವನ್ನೂ ಮಾಡಬಲ್ಲ. ಹೇಲೋ 2ರ ಕಾಲದಲ್ಲಿ ಕೆಲವು ಕೇಬಲ್ ಮೋಡೆಮ್‌ಗಳ ಮೇಲೆ ‘ಸ್ಟ್ಯಾಂಡ್‌ಬೈ’ ಎಂಬ ಗುಂಡಿ ಇರುತ್ತಿತ್ತು. ಹೋಸ್ಟ್ ಅದನ್ನು ಒತ್ತಿದರೆ ಉಳಿದವರ ತೆರೆ ನಿಂತುಹೋಗುತ್ತಿತ್ತು, ಆತ ಮಾತ್ರ ಓಡಾಡುತ್ತಿದ್ದ. ಮತ್ತೆ ಒತ್ತಿದಾಗ ಎಲ್ಲರೂ ಸತ್ತಿರುತ್ತಿದ್ದರು. ಮುಂದೆ ಲ್ಯಾನ್ ಕೇಬಲ್‌ಗೇ ಸ್ವಿಚ್ ಜೋಡಿಸುವ ‘ಲ್ಯಾಗ್ ಸ್ವಿಚ್’ ಬಂತು. ಮೋಸ ಇಲ್ಲದಿದ್ದರೂ ಹೋಸ್ಟ್ ಸಿಟ್ಟಿನಿಂದ ಎದ್ದುಹೋದರೆ ಎಷ್ಟೋ ಆಟಗಳಲ್ಲಿ ಪಂದ್ಯವೇ ಮುಗಿಯುತ್ತಿತ್ತು. ಕಾಲ್ ಆಫ್ ಡ್ಯೂಟಿ ಸರಣಿಗೆ 2009ರ ಮಾಡರ್ನ್ ವಾರ್‌ಫೇರ್ 2 ಹೋಸ್ಟ್ ಪಟ್ಟವನ್ನು ಇನ್ನೊಬ್ಬನಿಗೆ ವರ್ಗಾಯಿಸುವ ವ್ಯವಸ್ಥೆ ತಂದಿತು. ಹಾಗೆ ಹೋಸ್ಟ್ ಬದಲಾದ ಮೇಲೆ ಎಲ್ಲರ ಪಿಂಗ್ ಬದಲಾಗುತ್ತದೆ. ಅರ್ಧ ಪಂದ್ಯದವರೆಗೆ ಹೊಂದಿಸಿಕೊಂಡ ಕೈಯ ಅಂದಾಜು ಉಳಿದರ್ಧದಲ್ಲಿ ಕೈಕೊಡುತ್ತದೆ. ಮನೆಯ ಐಪಿ ವಿಳಾಸ ಎದುರಾಳಿಗಳಿಗೆ ಗೊತ್ತಾಗುವುದೂ ಈ ಪದ್ಧತಿಯ ದೋಷವೇ. ಸೋತವರು ಆ ವಿಳಾಸಕ್ಕೆ ಡೇಟಾ ಸುರಿದು ಸಂಪರ್ಕ ಕಡಿದುಹಾಕಿದ ಪ್ರಕರಣಗಳು ಎಷ್ಟೋ ಆಗಿವೆ.

ಕನ್ಸೋಲ್‌ಗೇ ವಿಶೇಷವಾದ ಒಂದು ತೊಡಕನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ಆಟಗಾರರೂ ಸರಿಯಾಗಿ ಗಮನಿಸಿಲ್ಲ. ಮೌಸ್ ಇಲ್ಲದ ಕಾರಣ ಕನ್ಸೋಲ್ ಆಟಗಳು ಏಮ್ ಅಸಿಸ್ಟ್, ಅಂದರೆ ಗುರಿಯಿಡಲು ನೆರವು ಕೊಡುತ್ತವೆ. ಕ್ರಾಸ್‌ಹೇರ್, ಅಂದರೆ ತೆರೆಯ ಮೇಲಿನ ಗುರಿಯ ಗುರುತು, ಶತ್ರುವಿನ ಹತ್ತಿರ ಬಂದಾಗ ಕಂಟ್ರೋಲರ್‌ನ ಸ್ಟಿಕ್‌ನ ವೇಗ ತಾನಾಗಿಯೇ ಇಳಿಯುತ್ತದೆ. ಕೆಲವು ಆಟಗಳಲ್ಲಿ ಶತ್ರು ಸರಿದ ಕಡೆಗೆ ಕ್ರಾಸ್‌ಹೇರ್ ಕೂಡ ತುಸು ಎಳೆಯಲ್ಪಡುತ್ತದೆ. ಈ ನೆರವು ಕೆಲಸ ಮಾಡುವುದು ನಿಮ್ಮ ಕನ್ಸೋಲ್‌ನೊಳಗೆ, ನಿಮ್ಮ ತೆರೆಯ ಮೇಲೆ ಕಾಣುವ ಆಕೃತಿಯ ಮೇಲೆ. ಮೇಲಿನ ಲೆಕ್ಕದಲ್ಲಿ ಆ ಆಕೃತಿ 65 ಸೆಂಟಿಮೀಟರ್ ಹಿಂದೆ ಉಳಿದ ನೆರಳು. ನೀವು ಮುಂದಕ್ಕೆ ಗುರಿಯಿಡಬೇಕು ಎಂದು ಗೊತ್ತಿದ್ದು ಸ್ಟಿಕ್ ತಳ್ಳಿದರೂ ನೆರವು ನಿಮ್ಮನ್ನು ನೆರಳಿಗೇ ಅಂಟಿಸಿ ಹಿಡಿಯುತ್ತದೆ. ಆಟಗಾರ ಬಲವಾಗಿ ತಳ್ಳುತ್ತಾನೆ, ಅಂಟು ಬಿಟ್ಟ ಕೂಡಲೇ ಕ್ರಾಸ್‌ಹೇರ್ ಹಾರಿ ಇನ್ನೊಂದು ಬದಿಗೆ ಹೋಗುತ್ತದೆ. ‘ನನ್ನ ಸೆನ್ಸಿಟಿವಿಟಿ (ಸ್ಟಿಕ್ ತಳ್ಳಿದಾಗ ಕ್ರಾಸ್‌ಹೇರ್ ಸರಿಯುವ ವೇಗ) ಸರಿಯಿಲ್ಲ’ ಎಂದು ಸೆಟ್ಟಿಂಗ್ ಬದಲಿಸುತ್ತಾನೆ. ಮರುದಿನ ಹತ್ತಿರದ ಹೋಸ್ಟ್ ಸಿಕ್ಕಾಗ ಹೊಸ ಸೆಟ್ಟಿಂಗ್ ತಪ್ಪಾಗಿ ಕಾಣುತ್ತದೆ, ಮತ್ತೆ ಬದಲಿಸುತ್ತಾನೆ. ಹೀಗೆ ತಿಂಗಳುಗಟ್ಟಲೆ ಕೈ ಪಳಗುವುದೇ ಇಲ್ಲ.

ಇಂಥ ಹೋಸ್ಟ್ ಸಿಕ್ಕಾಗ ಮಾಡಬೇಕಾದದ್ದು ಬೇರೆ. ಕ್ರಾಸ್‌ಹೇರನ್ನು ಶತ್ರುವಿನ ಮೇಲೆ ಕೊಂಡೊಯ್ಯದೆ, ಅವನು ಓಡುವ ದಾರಿಯಲ್ಲಿ ಒಂದು ದೇಹದಷ್ಟು ಮುಂದೆ, ನೆರವಿನ ವಲಯದ ಹೊರಗೆ ನಿಲ್ಲಿಸಿ. ಆಕೃತಿ ಆ ಕಡೆಗೆ ಬರುತ್ತಿರುವಾಗ, ಕ್ರಾಸ್‌ಹೇರ್ ಅಂಟಿಕೊಳ್ಳುವ ಮೊದಲೇ ಹೊಡೆಯಿರಿ. ಸೆನ್ಸಿಟಿವಿಟಿ ಮುಟ್ಟುವ ಮುನ್ನ ಬಾಟ್‌ಗಳ, ಅಂದರೆ ಯಂತ್ರವೇ ಆಡಿಸುವ ಎದುರಾಳಿಗಳ, ಎದುರು ಆಫ್‌ಲೈನ್‌ನಲ್ಲಿ ಆಡಿ ನೋಡಿ. ಅಲ್ಲಿ ಗುಂಡು ತಾಗುತ್ತಿದ್ದರೆ ಸೆಟ್ಟಿಂಗ್‌ನಲ್ಲಿ ದೋಷ ಇಲ್ಲ.

ಡೆಡಿಕೇಟೆಡ್ ಸರ್ವರ್ ಬಂದರೆ ಎಲ್ಲ ಸರಿಹೋಯಿತೆ? ಬಹಳಷ್ಟು ಸರಿಹೋಗುತ್ತದೆ, ಎಲ್ಲವೂ ಅಲ್ಲ. ಯಾರಿಗೂ ಸೊನ್ನೆ ಪಿಂಗ್ ಸಿಗುವುದಿಲ್ಲ ಎಂಬುದೇ ದೊಡ್ಡ ನ್ಯಾಯ. ಇದರ ಜೊತೆಗೆ ಲ್ಯಾಗ್ ಕಾಂಪನ್ಸೇಶನ್, ಅಂದರೆ ತಡವನ್ನು ಸರಿದೂಗಿಸುವ ವಿಧಾನವೂ ಸಾಮಾನ್ಯವಾಗಿ ಇರುತ್ತದೆ. ಆಟಗಳನ್ನು ತಯಾರಿಸುವ ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲಿ ಅದನ್ನು ವಿವರಿಸಿ ಬರೆದರು, ಇವತ್ತಿನ ಬಹುತೇಕ ಶೂಟರ್‌ಗಳಲ್ಲಿ ಅದರ ಯಾವುದಾದರೂ ಒಂದು ರೂಪ ಇದೆ. ಎಲ್ಲರೂ ಕಳೆದ ಒಂದಷ್ಟು ಹೊತ್ತಿನಲ್ಲಿ ಎಲ್ಲೆಲ್ಲಿ ಇದ್ದರು ಎಂಬುದನ್ನು ಸರ್ವರ್ ನೆನಪಿಟ್ಟುಕೊಂಡಿರುತ್ತದೆ. ನಿಮ್ಮ ಗುಂಡಿನ ಸುದ್ದಿ ಬಂದಾಗ, ಅದನ್ನು ಹೊಡೆದ ಕ್ಷಣದಲ್ಲಿ ನಿಮ್ಮ ತೆರೆಯ ಮೇಲೆ ಎದುರಾಳಿ ಎಲ್ಲಿ ಕಾಣುತ್ತಿದ್ದ ಎಂದು ಲೆಕ್ಕ ಹಾಕಿ, ಅವನನ್ನು ಅಲ್ಲಿಗೆ ಹಿಂದೆ ಸರಿಸಿ, ತಾಗಿತೆ ಇಲ್ಲವೆ ನೋಡಿ, ಮತ್ತೆ ಸ್ವಸ್ಥಾನಕ್ಕೆ ಇಡುತ್ತದೆ. ಕಂಡಲ್ಲಿಗೇ ಹೊಡೆಯಬಹುದು, ಮುಂದಕ್ಕೆ ಹೊಡೆಯಬೇಕಿಲ್ಲ. ಏಮ್ ಅಸಿಸ್ಟ್ ಅಂಟಿಸುವ ಜಾಗವೂ ಗುಂಡು ತಗುಲಬೇಕಾದ ಜಾಗವೂ ಒಂದೇ ಆಗುತ್ತವೆ. ಕನ್ಸೋಲ್ ಆಟಗಾರನಿಗೆ ಇದರ ಬೆಲೆ ಪಿಸಿ ಆಟಗಾರನಿಗಿಂತ ಹೆಚ್ಚು.

ಇದರ ಸಾಲ ತೀರಿಸುವವನು ಗುಂಡು ತಿಂದವನು. ಅವನು ತನ್ನ ತೆರೆಯ ಮೇಲೆ ಗೋಡೆಯ ಮರೆಗೆ ಸೇರಿ ಆಗಿರುತ್ತದೆ, ಆದರೂ ಸಾಯುತ್ತಾನೆ. ಹೊಡೆದವನ ತೆರೆಯಲ್ಲಿ ಅವನಿನ್ನೂ ಹೊರಗೇ ಇದ್ದ. ಹೊಡೆದವನ ಪಿಂಗ್ 150 ಇದ್ದರೆ ಮರೆಯಾದ ಮೇಲೂ ಸುಮಾರು ಅಷ್ಟು ಹೊತ್ತು ಅಪಾಯ ಉಳಿದಿರುತ್ತದೆ. ಆದ್ದರಿಂದ ಮೂಲೆಯಲ್ಲಿ ಕಾದು ಕೂರುವವನಿಗಿಂತ ಮೂಲೆಯಿಂದ ಧುಮುಕಿ ಬರುವವನಿಗೆ ಅನುಕೂಲ ಹೆಚ್ಚು. ಮೂಲೆ ಕಾಯಲೇಬೇಕಾದರೆ ಗೋಡೆಗೆ ಅಂಟಿಕೊಳ್ಳದೆ ಹಿಂದೆ ಸರಿದು ನಿಲ್ಲಿ, ಒಂದು ಗುಂಡು ಹೊಡೆದ ಮೇಲೆ ಅದೇ ಜಾಗದಿಂದ ಮತ್ತೆ ಇಣುಕಬೇಡಿ. ಇನ್ನೊಂದು ಮಾತು. ಹೀಗೆ ಹಿಂದೆ ಸರಿಸಿ ನೋಡುವುದು ತಕ್ಷಣ ತಗುಲುವ ಗುಂಡುಗಳಿಗೆ. ರಾಕೆಟ್, ಗ್ರೆನೇಡ್‌ನಂಥ ಹಾರುವ ಆಯುಧಗಳಿಗೆ ಬಹುತೇಕ ಆಟಗಳಲ್ಲಿ ಆ ಸೌಲಭ್ಯ ಇಲ್ಲ, ಅವುಗಳನ್ನು ಮುಂದಕ್ಕೇ ಹೊಡೆಯಬೇಕು.

ಸರ್ವರ್ ಸೆಕೆಂಡಿಗೆ ಎಷ್ಟು ಸಲ ಲೆಕ್ಕ ಹಾಕುತ್ತದೆ ಎಂಬ ಟಿಕ್ ರೇಟ್ ಕೂಡ ಇಲ್ಲಿ ಬರುತ್ತದೆ. 20 ಸಲ ಎಂದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ 50 ಮಿಲಿಸೆಕೆಂಡ್, 60 ಸಲ ಎಂದರೆ 16.7. ಏಪೆಕ್ಸ್ ಲೆಜೆಂಡ್ಸ್ ಎಂಬ ಆಟದ ಸರ್ವರ್ 20ರದ್ದು. ತೆರೆಯ ಮೇಲಿನ ಚಲನೆ ನುಣುಪಾಗಿ ಕಾಣಲು ಕನ್ಸೋಲ್ ಸಾಮಾನ್ಯವಾಗಿ ಎರಡು ಟಿಕ್‌ನಷ್ಟು ಕಾಯುತ್ತದೆ, ಅಂದರೆ ಒಂದು ಕಡೆ 100, ಇನ್ನೊಂದು ಕಡೆ 33. ನಿಮ್ಮ ಪಿಂಗ್ 25 ಇದ್ದರೂ ಈ ಭಾಗ ಕಡಿಮೆಯಾಗುವುದಿಲ್ಲ, ಏಕೆಂದರೆ ಅದು ನಿಮ್ಮ ಲೈನಿನದ್ದಲ್ಲ.

ನೀವು ಆಡುವ ಆಟದಲ್ಲಿ ಹಿಂದೆ ಸರಿಸಿ ನೋಡುವ ವ್ಯವಸ್ಥೆ ಇದೆಯೋ ಇಲ್ಲವೋ ಎಂದು ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. ಗೆಳೆಯನೊಬ್ಬನನ್ನು ಖಾಸಗಿ ಲಾಬಿಗೆ ಕರೆಯಿರಿ. ಅವನು ನಿಮ್ಮಿಂದ 15 ಮೀಟರ್ ದೂರದಲ್ಲಿ ಒಂದೇ ವೇಗದಲ್ಲಿ ಅಡ್ಡಡ್ಡ ಓಡಾಡುತ್ತಿರಲಿ. ಒಂದೊಂದೇ ಗುಂಡು ಹೊಡೆಯುವ, ತಕ್ಷಣ ತಗುಲುವ ಬಂದೂಕು ತೆಗೆದುಕೊಳ್ಳಿ. ಏಮ್ ಅಸಿಸ್ಟ್ ನಿಲ್ಲಿಸುವ ಆಯ್ಕೆ ಇದ್ದರೆ ನಿಲ್ಲಿಸಿ. ನಟ್ಟನಡುವೆ ಗುರಿಯಿಟ್ಟು 20 ಗುಂಡು, ಅರ್ಧ ದೇಹ ಮುಂದೆ ಗುರಿಯಿಟ್ಟು 20 ಗುಂಡು, ಪೂರ್ತಿ ಒಂದು ದೇಹ ಮುಂದೆ 20 ಗುಂಡು. ಎಷ್ಟೆಷ್ಟು ತಗುಲಿದವು ಎಂದು ಬರೆದಿಡಿ. ಆಮೇಲೆ ಹೋಸ್ಟ್ ಬದಲಿಸಿ (ಮೊದಲು ಅವನಿದ್ದರೆ ಈಗ ನೀವು, ನೀವಿದ್ದರೆ ಈಗ ಅವನು), ಅದನ್ನೇ ಮತ್ತೆ ಮಾಡಿ. ಎರಡೂ ಸಲ ನಡುವಿನ ಗುರಿಯೇ ಗೆದ್ದರೆ ವ್ಯವಸ್ಥೆ ಇದೆ. ನೀವು ಹೋಸ್ಟ್ ಆದಾಗ ಮಾತ್ರ ನಡುವಿನ ಗುರಿ ಗೆದ್ದು, ಉಳಿದಂತೆ ಮುಂದಿನ ಗುರಿ ಗೆದ್ದರೆ ಇಲ್ಲ. ತೆರೆಯ ಮೇಲೆ ರಕ್ತ ಚಿಮ್ಮಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಅದನ್ನು ಎಷ್ಟೋ ಆಟಗಳಲ್ಲಿ ನಿಮ್ಮ ಕನ್ಸೋಲೇ ಊಹಿಸಿ ಬಿಡಿಸುತ್ತದೆ. ಗೆಳೆಯನ ತೆರೆಯ ಮೇಲೆ ಅವನ ಆರೋಗ್ಯ ತೋರಿಸುವ ಗೆರೆ (ಹೆಲ್ತ್ ಬಾರ್) ಇಳಿಯಿತೆ ಎಂದು ಅವನನ್ನೇ ಕೇಳಿ. ‘ರಕ್ತ ಬಂತು, ಸಾಯಲಿಲ್ಲ’ ಎಂಬ ಗೊಣಗಾಟದ ಮೂಲ ಇಲ್ಲಿದೆ.

ಇನ್ನು ದೂರದ ವಿಚಾರ. ಫೈಬರ್‌ನೊಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಅಂದರೆ 1,000 ಕಿ.ಮೀ. ದೂರಕ್ಕೆ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡ್, ಯಾವ ಪ್ಲಾನ್ ಹಾಕಿಸಿದರೂ ಇದಕ್ಕಿಂತ ಕಡಿಮೆ ಆಗದು. ಬೆಂಗಳೂರಿನಿಂದ ಮುಂಬೈ ನೇರ ಗೆರೆಯಲ್ಲಿ ಸುಮಾರು 850 ಕಿ.ಮೀ. ಕೇಬಲ್‌ನ ಅಂಕುಡೊಂಕು, ನಡುವಿನ ರೂಟರ್‌ಗಳು ಸೇರಿ ಒಳ್ಳೆಯ ಫೈಬರ್ ಸಂಪರ್ಕದಲ್ಲಿ ಸಾಮಾನ್ಯವಾಗಿ 20ರಿಂದ 30 ಮಿಲಿಸೆಕೆಂಡ್ ಸಿಗುತ್ತದೆ. ಸಿಂಗಪುರ 3,000 ಕಿ.ಮೀ.ಗೂ ಆಚೆ, ಕನಿಷ್ಠವೇ 30ರ ಮೇಲೆ. ದಾರಿ ಚೆನ್ನೈಯಿಂದ ನೇರವಾಗಿ ಸಮುದ್ರದ ಕೇಬಲ್ ಹಿಡಿದರೆ ಪರವಾಗಿಲ್ಲ, ಮುಂಬೈ ಸುತ್ತಿ ಹೋದರೆ ಹೆಚ್ಚುತ್ತದೆ. ಯುರೋಪಿನ ಸರ್ವರ್ ಎಂದರೆ ಸಾಮಾನ್ಯವಾಗಿ 130ಕ್ಕೂ ಮೇಲೆ. ಅದೂ ಕೆಂಪು ಸಮುದ್ರದ ಕೇಬಲ್‌ಗಳು ನೆಟ್ಟಗಿದ್ದಾಗ. 2024ರ ಆರಂಭದಲ್ಲಿ ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕೇಬಲ್‌ಗಳು ತುಂಡಾಗಿ ಡೇಟಾ ಸುತ್ತು ದಾರಿ ಹಿಡಿದಿತ್ತು. ಭಾರತದಲ್ಲಿ ಕನ್ಸೋಲ್ ಆಡುವವರು ಮೊಬೈಲ್ ಆಡುವವರಿಗಿಂತ ತೀರಾ ಕಡಿಮೆ. ನಡುರಾತ್ರಿ ಲಾಬಿ ತುಂಬದಿದ್ದಾಗ ಆಟ ನಿಮ್ಮನ್ನು ಸದ್ದಿಲ್ಲದೆ ಸಿಂಗಪುರಕ್ಕೋ ಕೊಲ್ಲಿ ರಾಷ್ಟ್ರಗಳ ಕಡೆಗೋ ಸೇರಿಸಬಹುದು. ಸಂಜೆ ತಾಗುತ್ತಿದ್ದ ಗುಂಡು ರಾತ್ರಿ ತಾಗದಿರುವುದಕ್ಕೆ ನಿದ್ದೆಗೆಟ್ಟ ಕಣ್ಣೊಂದೇ ಕಾರಣವಲ್ಲ.

ಒಂದೇ ಊರಿನಲ್ಲಿದ್ದರೂ ಹೋಸ್ಟ್ ಹತ್ತಿರ ಎಂದು ನಂಬುವಂತಿಲ್ಲ. ದಾವಣಗೆರೆಯ ಇಬ್ಬರು ಬೇರೆ ಬೇರೆ ಕಂಪನಿಯ ಇಂಟರ್ನೆಟ್ ಹಾಕಿಸಿಕೊಂಡಿದ್ದರೆ ಅವರ ಪ್ಯಾಕೆಟ್‌ಗಳು ಆ ಎರಡು ಕಂಪನಿಗಳ ಜಾಲ ಕೂಡುವ ಜಾಗಕ್ಕೆ ಹೋಗಿಯೇ ಬರಬೇಕು. ಅದು ಬೆಂಗಳೂರಾಗಬಹುದು, ಚೆನ್ನೈ ಅಥವಾ ಮುಂಬೈ ಆಗಬಹುದು. ಎರಡು ಬೀದಿ ಆಚೆ ಇರುವವನ ಪಿಂಗ್ 40 ಬಂದರೆ ಆಶ್ಚರ್ಯ ಬೇಡ.

ಇಂಟರ್ನೆಟ್ ಕಂಪನಿಗಳು ‘ಗೇಮಿಂಗ್’ ಎಂದು ಹೆಸರಿಟ್ಟು ಮಾರುವ 300 ಎಂಬಿಪಿಎಸ್ ಪ್ಲಾನ್ ಗುರಿಗೆ ಏನೂ ಮಾಡುವುದಿಲ್ಲ. ಸೆಕೆಂಡಿಗೆ 60 ಪ್ಯಾಕೆಟ್, ಒಂದೊಂದು 250 ಬೈಟ್ ಎಂದರೂ ಒಂದು ಗಂಟೆಯ ಆಟಕ್ಕೆ ಒಂದು ದಿಕ್ಕಿನಲ್ಲಿ 54 ಎಂಬಿ ಆಗುತ್ತದೆ, ಅಂದರೆ ಸೆಕೆಂಡಿಗೆ 120 ಕಿಲೋಬಿಟ್. ಗೇಮ್ ಡೌನ್‌ಲೋಡ್ ಬೇಗ ಆಗುತ್ತದೆ, ಅಷ್ಟೆ. ಕೇಳಬೇಕಾದದ್ದು ಪಿಂಗ್ ಎಷ್ಟು, ಅದು ಎಷ್ಟು ಏರಿಳಿಯುತ್ತದೆ, ಎಷ್ಟು ಪ್ಯಾಕೆಟ್ ಕಳೆದುಹೋಗುತ್ತವೆ ಎಂಬುದು. ಒಂದೇ ಸಮನೆ 60 ಇರುವ ಸಂಪರ್ಕ 25ಕ್ಕೂ 90ಕ್ಕೂ ನಡುವೆ ಜಿಗಿಯುವ ಸಂಪರ್ಕಕ್ಕಿಂತ ಎಷ್ಟೋ ಮೇಲು. ಸ್ಥಿರವಾದ ತಡಕ್ಕೆ ಕೈ ಹೊಂದಿಕೊಳ್ಳುತ್ತದೆ. ಜಿಗಿದಾಡುವ ಸಂಪರ್ಕದಲ್ಲಿ ಶತ್ರುವಿನ ಆಕೃತಿಯೇ ತೆರೆಯ ಮೇಲೆ ಜಿಗಿಯುತ್ತದೆ, ಅದನ್ನು ಹಿಂಬಾಲಿಸುವ ಏಮ್ ಅಸಿಸ್ಟ್ ಕ್ರಾಸ್‌ಹೇರನ್ನು ಎಳೆದಾಡುತ್ತದೆ.

ಮನೆಯೊಳಗಿನ ದೋಷವನ್ನು ಬೇರ್ಪಡಿಸುವುದು ಕಷ್ಟವಲ್ಲ. ಲ್ಯಾಪ್‌ಟಾಪಿನ ಪಿಂಗ್ ಆದೇಶ ಬಳಸಿ ಮೊದಲು ಮನೆಯ ರೂಟರ್‌ಗೇ ನೂರು ಸಲ ಪಿಂಗ್ ಅಳೆಯಿರಿ. ಲ್ಯಾನ್ ಕೇಬಲ್‌ನಲ್ಲಿ ಒಂದು ಮಿಲಿಸೆಕೆಂಡ್ ಆಸುಪಾಸಿನಲ್ಲಿ ಇರಬೇಕು. ವೈಫೈನಲ್ಲಿ ಎರಡರಿಂದ ಐದು ಬಂದು, ನಡುನಡುವೆ 50, 100 ಎಂದು ಹಾರಿದರೆ ತೊಂದರೆ ಮನೆಯಲ್ಲೇ ಇದೆ, ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ವೈಫೈನ 2.4 ಗಿಗಾಹರ್ಟ್ಸ್ ತರಂಗ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಅಪಾರ್ಟ್‌ಮೆಂಟ್‌ನ ಇಪ್ಪತ್ತು ಮನೆಯವರು ಆ ಮೂರರಲ್ಲೇ ಕಿತ್ತಾಡುತ್ತಿರುತ್ತಾರೆ, ಅಡುಗೆಮನೆಯ ಮೈಕ್ರೋವೇವ್ ಓವನ್ ಕೂಡ ಅಲ್ಲೇ ಗದ್ದಲ ಮಾಡುತ್ತದೆ. ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್ ಎಳೆಯುವುದಕ್ಕಿಂತ ಅಗ್ಗದ, ಖಚಿತವಾದ ಪರಿಹಾರ ಇಲ್ಲ. ಕ್ಯಾಟ್ 5ಇ ಆದರೂ ಸಾಕು, 100 ಮೀಟರ್‌ವರೆಗೆ ತೊಂದರೆಯಿಲ್ಲ. ನಿಂಟೆಂಡೊದ ಮೊದಲ ಸ್ವಿಚ್ ಕನ್ಸೋಲ್‌ನ ಡಾಕ್‌ನಲ್ಲಿ (ಟಿವಿಗೆ ಜೋಡಿಸುವ ಪೀಠ) ಲ್ಯಾನ್ ಜಾಗ ಇಲ್ಲ, ಯುಎಸ್‌ಬಿ ಅಡಾಪ್ಟರ್ ಬೇಕು. ಓಲೆಡ್ ಮಾದರಿಯ ಡಾಕ್‌ನಲ್ಲಿದೆ.

ಕೇಬಲ್ ಹಾಕಿದ ಮೇಲೂ ಸಂಜೆ ಹೊತ್ತು ಗುರಿ ಕೆಡುತ್ತಿದ್ದರೆ ಎರಡನೆಯ ಪರೀಕ್ಷೆ. ಹೊರಗಿನ ಯಾವುದಾದರೂ ವಿಳಾಸಕ್ಕೆ ಪಿಂಗ್ ಹಾಕಿಟ್ಟು, ಫೋನ್‌ನಿಂದ ಒಂದು ದೊಡ್ಡ ವಿಡಿಯೊ ಅಪ್‌ಲೋಡ್ ಮಾಡಿ. 25 ಇದ್ದದ್ದು 200 ಆದರೆ ರೂಟರ್‌ನ ಸರದಿ ತುಂಬಿ ಆಟದ ಸಣ್ಣ ಪ್ಯಾಕೆಟ್ ವಿಡಿಯೊದ ಹಿಂದೆ ಕಾಯುತ್ತಿದೆ ಎಂದರ್ಥ. ಮನೆಯಲ್ಲಿ ಯಾರದೋ ಫೋನ್ ಫೋಟೊಗಳನ್ನು ಬ್ಯಾಕಪ್ ಮಾಡುವಾಗ ಆಗುವುದೂ ಇದೇ. ರೂಟರ್ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ ಶೇ 85ರಿಂದ 90ಕ್ಕೆ ಇಳಿಸಿ. 50 ಎಂಬಿಪಿಎಸ್ ಬರುವ ಕಡೆ 43ರಿಂದ 45. ಎಫ್‌ಕ್ಯೂ ಕೋಡೆಲ್ ಅಥವಾ ಕೇಕ್ ಎಂಬ ಸರದಿ ವಿಧಾನ ಇರುವ ರೂಟರ್ ಆದರೆ ಅದನ್ನು ಹಚ್ಚಿ. ಸ್ವಲ್ಪ ವೇಗ ಹೋಗುತ್ತದೆ, ಪಿಂಗ್ ಸ್ಥಿರವಾಗುತ್ತದೆ.

ಟಿವಿಯನ್ನು ಎಲ್ಲರೂ ಮರೆಯುತ್ತಾರೆ. ಚಿತ್ರ ಚಂದ ಮಾಡುವ ಸಂಸ್ಕರಣೆ ಚಾಲೂ ಇದ್ದರೆ ಎಷ್ಟೋ ಟಿವಿಗಳು 50ರಿಂದ 100 ಮಿಲಿಸೆಕೆಂಡ್ ತಡ ಮಾಡುತ್ತವೆ, ಗೇಮ್ ಮೋಡ್ ಹಾಕಿದರೆ ಅದು 10–20ಕ್ಕೆ ಇಳಿಯುತ್ತದೆ. ಸರ್ವರ್‌ಗೆ ನಿಮ್ಮ ಪಿಂಗ್ ಗೊತ್ತು, ನಿಮ್ಮ ಟಿವಿಯ ತಡ ಗೊತ್ತಿಲ್ಲ. ಲ್ಯಾಗ್ ಕಾಂಪನ್ಸೇಶನ್ ಅದನ್ನು ಸರಿದೂಗಿಸಲಾರದು. 40 ಮಿಲಿಸೆಕೆಂಡ್ ಹೆಚ್ಚುವರಿ ತಡ ಎಂದರೆ ನಮ್ಮ ಓಟಗಾರ 20 ಸೆಂಟಿಮೀಟರ್ ಮುಂದೆ. ಥಟ್ಟನೆ ತಿರುಗಿಸಿ ಹೊಡೆಯುವ ಗುಂಡು ಅಷ್ಟಕ್ಕೇ ತಪ್ಪುತ್ತದೆ.

ನ್ಯಾಟ್, ಅಂದರೆ ಹಲವು ಯಂತ್ರಗಳು ಹೊರಗಿನ ಒಂದೇ ಐಪಿ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ, ಅದರ ಬಗ್ಗೆ ಚಿಕ್ಕದಾಗಿ. ಎಕ್ಸ್‌ಬಾಕ್ಸ್‌ನಲ್ಲಿ ‘ಸ್ಟ್ರಿಕ್ಟ್’, ಪ್ಲೇಸ್ಟೇಷನ್‌ನಲ್ಲಿ ‘ಟೈಪ್ 3’ ಎಂದು ತೋರಿಸಿದರೆ ಬೇರೆಯವರ ಕನ್ಸೋಲ್‌ಗಳಲ್ಲಿ ಎಷ್ಟೋ ನಿಮ್ಮದನ್ನು ನೇರವಾಗಿ ತಲುಪಲಾರವು. ಆಗ ಸಿಗುವ ಲಾಬಿಗಳು ಕಡಿಮೆ, ಸಿಕ್ಕ ಹೋಸ್ಟ್ ದೂರ. ರೂಟರ್ ತೋರಿಸುವ ಹೊರಗಿನ ವಿಳಾಸ 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಶುರುವಾದರೆ ಕಂಪನಿಯೇ ನೂರಾರು ಮನೆಗಳನ್ನು ಒಂದು ವಿಳಾಸದ ಹಿಂದೆ ಕೂಡಿಸಿದೆ ಎಂದರ್ಥ. ಅಂಥ ಕಡೆ ರೂಟರ್‌ನಲ್ಲಿ ಎಕ್ಸ್‌ಬಾಕ್ಸ್ ಬಳಸುವ ಯುಡಿಪಿ 3074 ಪೋರ್ಟ್ ತೆರೆದು ಪ್ರಯೋಜನವಿಲ್ಲ, ಕಂಪನಿಯಿಂದ ಸ್ವಂತ ಐಪಿ ಅಥವಾ ಐಪಿವಿ6 ಎಂಬ ಹೊಸ ಬಗೆಯ ವಿಳಾಸ ಕೇಳಬೇಕು.

ಪಂದ್ಯಾವಳಿ ನಡೆಸುವವರಲ್ಲಿ ನನ್ನ ಬೇಡಿಕೆಗಳಿಗೆ ಹೆಚ್ಚು ಖರ್ಚಿಲ್ಲ. ಆನ್‌ಲೈನ್ ಪಂದ್ಯವಾದರೆ ಡೆಡಿಕೇಟೆಡ್ ಸರ್ವರೋ ಆಟಗಾರನ ಕನ್ಸೋಲೋ, ಯಾವ ಊರು ಎಂಬುದನ್ನು ನಿಯಮಾವಳಿಯಲ್ಲೇ ಬರೆಯಿರಿ. ಆಟಗಾರನ ಕನ್ಸೋಲ್ ಆದರೆ ಮೊದಲ ಆಟಕ್ಕೆ ಒಂದು ತಂಡ, ಎರಡನೆಯದಕ್ಕೆ ಇನ್ನೊಂದು ತಂಡ ಹೋಸ್ಟ್ ಆಗಲಿ. ನಿರ್ಣಾಯಕ ಆಟಕ್ಕೆ ಎರಡೂ ತಂಡಗಳಿಗೆ ಪಿಂಗ್ ಸಮವಾಗಿರುವ ಮೂರನೆಯವರು ಆಡದೆ ಹೋಸ್ಟ್ ಮಾಡಲಿ. ಮಂಗಳೂರಿನ ತಂಡ ಬೆಂಗಳೂರಿನ ತಂಡದ ಎದುರು ಬೆಂಗಳೂರಿನ ಹೋಸ್ಟ್ ಮೇಲೆ ಮೂರೂ ಆಟ ಆಡುವುದು ನ್ಯಾಯವಲ್ಲ. ಪಿಂಗ್‌ಗೆ ಒಂದು ಮಿತಿ ಇಡಿ, 80 ಎಂದಾದರೂ ಇಡಿ. ಸಂಪರ್ಕದ ಗುಣ ತೋರಿಸುವ ಹಸಿರು ಗೆರೆಗಳನ್ನು ನೋಡಿ ತೀರ್ಮಾನಿಸಬೇಡಿ. ಆಟದಲ್ಲಿ ಸಂಖ್ಯೆ ತೋರಿಸುವ ಆಯ್ಕೆ ಇದ್ದರೆ ಕಡ್ಡಾಯವಾಗಿ ಹಚ್ಚಿಸಿ.

ಒಂದೇ ಸಭಾಂಗಣದಲ್ಲಿ ಆಡಿಸುವುದಾದರೆ ಎಲ್ಲ ಕನ್ಸೋಲ್‌ಗಳೂ ಗಿಗಾಬಿಟ್ ಸ್ವಿಚ್ ಎಂಬ ನೆಟ್‌ವರ್ಕ್ ಪೆಟ್ಟಿಗೆಗೆ ಕೇಬಲ್‌ನಲ್ಲಿ ಸೇರಲಿ, ಪ್ರೇಕ್ಷಕರ ಫೋನ್‌ಗಳಿಗೆ ವೈಫೈ ಕೊಟ್ಟರೆ ಅದು ಬೇರೆ ಲೈನಿನಲ್ಲಿರಲಿ. ಆಟ ಇಂಟರ್ನೆಟ್ ಇಲ್ಲದೆ ಲ್ಯಾನ್‌ನಲ್ಲೇ, ಅಂದರೆ ಸಭಾಂಗಣದೊಳಗಿನ ಜಾಲದಲ್ಲೇ ನಡೆಯುವಂಥದ್ದಾದರೆ ಯಾರೂ ಆಡದ ಒಂದು ಕನ್ಸೋಲನ್ನು ಹೋಸ್ಟ್ ಆಗಿ ಇಡಿ. ಟಿವಿಗಳು ಒಂದೇ ಮಾದರಿಯವಾಗಿರಲಿ. ಅದು ಆಗದಿದ್ದರೆ ಎಲ್ಲವನ್ನೂ ಗೇಮ್ ಮೋಡ್‌ಗೆ ಹಾಕಿ, ಪ್ರತಿ ಆಟಕ್ಕೂ ತಂಡಗಳು ಜಾಗ ಬದಲಿಸಲಿ. ಇಪ್ಪತ್ತು ವೈರ್‌ಲೆಸ್ ಕಂಟ್ರೋಲರ್‌ಗಳು ಒಂದೇ ಕೋಣೆಯಲ್ಲಿದ್ದಾಗ ಒಂದರ ಸಿಗ್ನಲ್‌ಗೆ ಇನ್ನೊಂದು ಅಡ್ಡ ಬರಬಹುದು, ಯುಎಸ್‌ಬಿ ವೈರ್ ಹಾಕಿಸಿ. ಪ್ಲೇಸ್ಟೇಷನ್‌ನಲ್ಲಿ ವೈರ್ ಸಿಕ್ಕಿಸಿದರೆ ಸಾಲದು, ಸೆಟ್ಟಿಂಗ್‌ನಲ್ಲಿ ಕಂಟ್ರೋಲರ್ ಸಂವಹನವನ್ನು ಯುಎಸ್‌ಬಿಗೆ ಬದಲಿಸಬೇಕು.

ಪತ್ರಿಕೆಯವರಲ್ಲೂ ಒಂದು ವಿನಂತಿ. ಇ–ಸ್ಪೋರ್ಟ್ಸ್ ಪಂದ್ಯದ ವರದಿ ಪ್ರಕಟಿಸುವಾಗ ಸರ್ವರ್ ಎಲ್ಲಿತ್ತು, ಎರಡೂ ತಂಡಗಳ ಸರಾಸರಿ ಪಿಂಗ್ ಎಷ್ಟಿತ್ತು ಎಂದು ಸಂಘಟಕರನ್ನು ಕೇಳಿ ಒಂದು ಸಾಲು ಹಾಕಿ. ಕೇಳುವವರು ಇದ್ದಾರೆ ಎಂದು ಗೊತ್ತಾದರೆ ಅವರು ಅಳೆದಿಡುತ್ತಾರೆ.

ಇತಿ ತಮ್ಮ ವಿಶ್ವಾಸಿ,
ನೆಟ್‌ವರ್ಕ್ ಎಂಜಿನಿಯರ್, ಮೈಸೂರು